ಬಾಗಲಕೋಟೆಯಲ್ಲಿ ಕೂತು ಸಮುದ್ರದ ಸ್ಪಂಜಿನ ಪಾಠ: ನನ್ನ ಅನುಭವ

ಬಿ.ಎಸ್ಸಿ. ಪ್ರಾಣಿಶಾಸ್ತ್ರ ಓದಿದವರಿಗೆ ಸೈಕಾನ್ ಗೊತ್ತೇ ಇರುತ್ತದೆ. ಎರಡು ಮೂರು ಸೆಂಟಿಮೀಟರ್ ಎತ್ತರದ ಸಣ್ಣ ಸಮುದ್ರ ಸ್ಪಂಜು, ಅಂದರೆ ಒಂದು ಕಡೆ ಅಂಟಿಕೊಂಡೇ ಬದುಕುವ ಸರಳ ಪ್ರಾಣಿ. ಬುಡ ಬಂಡೆಗೋ ಚಿಪ್ಪಿಗೋ ಅಂಟಿರುತ್ತದೆ. ತುದಿಯಲ್ಲಿ ಒಂದು ಬಾಯಿ, ಅದರ ಸುತ್ತ ಸಣ್ಣ ಮುಳ್ಳುಗಳ ಅಂಚು. ಇದನ್ನು ನಾನು ಬಾಗಲಕೋಟೆಯಲ್ಲಿ ವರ್ಷಗಟ್ಟಲೆ ಜಾರ್‌ನಲ್ಲಿ ಕೆಡದಂತೆ ಇಟ್ಟ ಸತ್ತ ಸ್ಪಂಜು ತೋರಿಸಿಯೇ ಕಲಿಸಿದೆ. ಮಕ್ಕಳು ಚಿತ್ರ ಬರೆದು ಮಾರ್ಕ್ಸ್ ತಗೊಂಡರು. ಇದು ಉಣ್ಣುವುದು ಹೇಗೆ ಅಂತ ಕೇಳಿದರೆ ಎಲ್ಲರೂ ಗಪ್ಪು.

ಮೊದಲು ಮುಳ್ಳು ತೋರಿಸೋಣ ಅಂದುಕೊಂಡೆ. ಸ್ಪಂಜಿನ ಚೂರನ್ನು ಸ್ಲೈಡ್ ಮೇಲಿಟ್ಟು ಒಂದು ಹನಿ ಬ್ಲೀಚ್ ಹಾಕಿದರೆ ಮಾಂಸಭಾಗ ಕರಗಿ ಸ್ಪಿಕ್ಯೂಲ್ ಅನ್ನುವ ಮುಳ್ಳುಗಳು ಉಳಿಯುತ್ತವೆ. ಹಳೆಯ ಜಾರ್‌ನ ಚೂರು ಹಾಕಿದೆವು. ಏನೂ ಉಳಿಯಲಿಲ್ಲ. ಮುಧೋಳ ಕಡೆಯ ಹುಡುಗಿಯೊಬ್ಬಳು, "ಸರ್, ಇದರಾಗ ಮುಳ್ಳೇ ಇಲ್ಲಲ್ರಿ?" ಅಂದಳು. ತಪ್ಪು ಫಾರ್ಮಲಿನ್‌ದು, ಅಂದರೆ ಸ್ಪಂಜು ಕೆಡದಂತೆ ಜಾರ್‌ಗೆ ತುಂಬಿದ್ದ ದ್ರಾವಣದ್ದು. ಅದು ಕಾಲ ಕಳೆದಂತೆ ಆಮ್ಲೀಯವಾಗುತ್ತದೆ. ಸೈಕಾನ್‌ನ ಮುಳ್ಳು ಕ್ಯಾಲ್ಸಿಯಂ ಕಾರ್ಬೊನೇಟ್. ಜಾರ್‌ನೊಳಗೇ ಸದ್ದಿಲ್ಲದೆ ಕರಗಿಹೋಗಿತ್ತು. ಇಂಥ ಸ್ಪಂಜನ್ನು 70% ಆಲ್ಕೋಹಾಲ್‌ನಲ್ಲಿ ಇಡಬೇಕು. ಆಮೇಲೆ ಹಾಗಿಟ್ಟ ಇನ್ನೊಂದು ಸ್ಪೆಸಿಮನ್ ಸಿಕ್ಕಿತು. ಮೂರು ಕವಲಿನ ಮುಳ್ಳುಗಳು ಸ್ಪಷ್ಟವಾಗಿ ಕಂಡವು. ಸ್ಲೈಡ್ ಚೆನ್ನಾಗಿ ತೊಳೆದು ವಿನೆಗರ್ ಬಿಟ್ಟರೆ ಗುಳ್ಳೆ ಎದ್ದು ಕರಗಿದವು. ತೊಳೆಯದೆ ಬಿಡಬೇಡಿ, ಬ್ಲೀಚ್‌ಗೆ ವಿನೆಗರ್ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ.

ಆದರೆ ಸ್ಪಂಜು ಅಂದರೆ ನೀರಿನ ಹರಿವು, ಅಲ್ವಾ? ಮೈಮೇಲಿನ ಸಣ್ಣ ರಂಧ್ರಗಳಿಂದ ನೀರು ಒಳಗೆ ಬರುತ್ತದೆ. ಒಳಗಿನ ಜೀವಕೋಶಗಳು ಚಾವಟಿಯಂಥ ಬಾಲ ಆಡಿಸಿ ಅದನ್ನು ಎಳೆಯುತ್ತವೆ, ಬ್ಯಾಕ್ಟೀರಿಯಾದಂಥ ಕಣಗಳನ್ನು ಹಿಡಿಯುತ್ತವೆ. ಉಳಿದ ನೀರು ಮೇಲಿನ ಬಾಯಿಂದ ಹೊರಗೆ. ಇದು ಜಾರ್‌ನಲ್ಲಿ ಕಾಣುವುದಿಲ್ಲ.

ಜೀವಂತ ಸೈಕಾನ್ ಬೇಕಾದರೆ ಕಾರವಾರದ ಕಡೆ ಹೋಗಬೇಕು, ಇಳಿತದ ಹೊತ್ತಿನಲ್ಲಿ ಕಲ್ಲುಗಳ ನೆರಳಿನ ಅಡಿಭಾಗ ನೋಡಬೇಕು. ಈ ಸುಣ್ಣದ ಮುಳ್ಳಿನ ಸ್ಪಂಜುಗಳೆಲ್ಲ ಸಮುದ್ರದವೇ. ವನ್ಯಜೀವಿ ಕಾಯ್ದೆಯ ಪಟ್ಟಿಯಲ್ಲೂ ಇವೆ. ಹಾಗಾಗಿ ನೋಡಿ ಬರಬಹುದು, ಕಿತ್ತು ತರುವಂತಿಲ್ಲ.

ನಮಗೆ ದಾರಿ ತೋರಿಸಿದ್ದು ಘಟಪ್ರಭೆ. ಬೇಸಿಗೆಯಲ್ಲಿ ಆಲಮಟ್ಟಿ ಹಿನ್ನೀರು ಇಳಿದಾಗ ದಂಡೆಯ ಕಲ್ಲು, ಜಾಲಿ ಕಟ್ಟಿಗೆಗಳ ಮೇಲೆ ಒಣಗಿದ ಪೊರೆಯಂಥದ್ದು ಅಂಟಿರುತ್ತದೆ. ಮಂದಿ ಅದನ್ನು ಪಾಚಿ ಅಂತ ಬಿಡುತ್ತಾರೆ. ಅದು ಸಿಹಿನೀರಿನ ಸ್ಪಂಜು. ಕೆರೆದು ನೋಡಿದರೆ ಒಳಗೆ ಗಸಗಸೆ ಕಾಳಿನಂಥ ಜೆಮ್ಯೂಲ್‌ಗಳು. ನೀರಿಲ್ಲದ ಕಾಲವನ್ನು ಸ್ಪಂಜು ದಾಟುವುದು ಇವುಗಳಿಂದಲೇ.

ಆ ಕಾಳುಗಳನ್ನು ಬಿಡಿಸಿ, ತೊಳೆದು, ವಾಚ್ ಗ್ಲಾಸ್ ಅನ್ನುವ ಸಣ್ಣ ಗಾಜಿನ ತಟ್ಟೆಯಲ್ಲಿ ಸೋಸಿದ ಹೊಳೆನೀರು ಹಾಕಿ ಇಟ್ಟೆವು. ನಲ್ಲಿ ನೀರು ಬೇಡ, ಕ್ಲೋರಿನ್ ಇರುತ್ತದೆ. ಬಿಸಿಲಿಗೂ ಇಡಬೇಡಿ, ನಮ್ಮ ಬಿಸಿಲು ಗೊತ್ತಲ್ಲ. ಕೆಲವು ಕಾಳು ಸುಮ್ನೆ ಬಿದ್ದಿದ್ದವು. ಕೆಲವುಗಳ ಸುತ್ತ ಬೆಳ್ಳನೆಯ ಪದರ ಹರಡಿ ಗಾಜಿಗೆ ಅಂಟಿಕೊಂಡಿತು. ಆಮೇಲೆ ಅದರ ಮೇಲೊಂದು ಪಾರದರ್ಶಕ ಕೊಳವೆ ಎದ್ದಿತು. ಪಕ್ಕದಲ್ಲಿ ಸೂಜಿ ತುದಿಯಷ್ಟು ಕಾರ್ಮೈನ್ ಅನ್ನುವ ಕೆಂಪು ಬಣ್ಣದ ಪುಡಿ ಬಿಟ್ಟೆ. ಕೆಂಪು ಕಣಗಳನ್ನು ಸ್ಪಂಜು ಮೈಗೆ ಎಳೆದುಕೊಂಡಿತು. ಸ್ವಲ್ಪ ಹೊತ್ತಿಗೆ ಕೆಲವು ಕೊಳವೆಯಿಂದ ಚಿಮ್ಮಿದವು. ಮೈಕ್ರೋಸ್ಕೋಪ್ ಮುಂದೆ ಹುಡುಗರು ಒಬ್ಬರನ್ನೊಬ್ಬರು ತಳ್ಳಾಡಿದರು.

ಇದು ಸೈಕಾನ್ ಅಲ್ಲ, ಬೇರೆ ಗುಂಪು ಅಂತ ಬೋರ್ಡ್ ಮೇಲೆ ದೊಡ್ಡದಾಗಿ ಬರೆದೆ. ಇದರ ಮುಳ್ಳು ಸಿಲಿಕಾ, ವಿನೆಗರ್‌ಗೆ ಜಗ್ಗುವುದಿಲ್ಲ. ಮೈಯೊಳಗೆ ನೀರು ಹರಿಯುವ ಕಾಲುವೆಗಳೂ ಜಾಸ್ತಿ ಗೋಜಲು. ಆದರೆ ನೀರೆಳೆಯುವ ರೀತಿ ಅದೇ.

ನೀವು ಮಾಡುವುದಾದರೆ ದಿನಾ ಅರ್ಧ ನೀರು ಬದಲಿಸಿ, ಪೂರ್ತಿ ಚೆಲ್ಲಬೇಡಿ. ಮರಿ ಸ್ಪಂಜನ್ನು ನೀರಿನಿಂದ ಎತ್ತಲೂ ಬೇಡಿ, ಕಾಲುವೆಯಲ್ಲಿ ಗಾಳಿ ಸೇರಿದರೆ ಅದು ಉಳಿಯುವುದು ಕಷ್ಟ. ಒಣ ಸ್ಪಂಜು ಕೆರೆದ ಕೈ ತೊಳೆಯದೆ ಕಣ್ಣು ಮುಟ್ಟಬೇಡಿ, ಆ ಸಿಲಿಕಾ ಮುಳ್ಳು ಚುಚ್ಚುತ್ತದೆ.