ಶಿಮ್ಲಾದ ಚೆರ್ರಿಗೆ ನಮ್ಮ ಚಳಿ ಸಾಲಲಿಲ್ಲ

2019ರ ಜನವರಿಯಲ್ಲಿ ಶಿಮ್ಲಾದಿಂದ ವಾಪಸ್ ಬರುವಾಗ ನನ್ನ ಕೈಯಲ್ಲಿ ಉದ್ದನೆಯ ಒಂದು ಗೋಣಿ ಕಟ್ಟು ಇತ್ತು. ಒಳಗೆ ಒಂದೂ ಎಲೆಯಿಲ್ಲದ, ಕೋಲಿನಂಥ ಎರಡು ಚೆರ್ರಿ ಗಿಡ. ಬೇರಿಗೆ ಒದ್ದೆ ಪಾಚಿ ಸುತ್ತಿ ಕಟ್ಟಿದ್ದರು. ಒಂದು ಬಿಂಗ್, ಇನ್ನೊಂದು ಸ್ಟೆಲ್ಲಾ. ಬಿಂಗ್ ಒಂದೇ ಇದ್ದರೆ ಹಣ್ಣು ಕಟ್ಟುವುದಿಲ್ಲ, ಬೇರೆ ತಳಿಯ ಪರಾಗ ಬೇಕು. ಸಿಹಿ ಚೆರ್ರಿಯಲ್ಲಿ ಹೆಚ್ಚಿನ ತಳಿಗಳು ಹೀಗೆಯೇ. ಸ್ಟೆಲ್ಲಾ ಮಾತ್ರ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ, ಬಿಂಗ್‌ಗೂ ಪರಾಗ ಕೊಡುತ್ತದೆ. ಇಷ್ಟನ್ನೂ ತಿಳಿದುಕೊಂಡೇ ತಂದಿದ್ದೆ. ಅದಕ್ಕಿಂತ ಮೊದಲು ಕೇಳಬೇಕಾದ ಒಂದು ಪ್ರಶ್ನೆ ಇತ್ತು, ಅದನ್ನು ಕೇಳಿರಲಿಲ್ಲ.

ನಮ್ಮ ಮನೆ ವಿದ್ಯಾರಣ್ಯಪುರದಲ್ಲಿ. ಮೂವತ್ತು ನಲವತ್ತರ ಸೈಟು. ಕಾಂಪೌಂಡ್ ಪಕ್ಕ ಐದು ಅಡಿ ಅಗಲದ ಮಣ್ಣಿನ ಜಾಗ ಇದೆ. ಅಲ್ಲೇ ಎರಡೂ ಗಿಡ ನೆಟ್ಟೆ. ಮಾರ್ಚ್ ಮೊದಲ ವಾರದಲ್ಲಿ ಮೊಗ್ಗು ಒಡೆದವು. ತಿಳಿ ಹಸಿರು ಎಲೆ, ಅಂಚಿನಲ್ಲಿ ಸಣ್ಣ ಗರಗಸದ ಹಲ್ಲು. ಮಳೆಗಾಲ ಮುಗಿಯುವಷ್ಟರಲ್ಲಿ ಎರಡೂವರೆ ಅಡಿ ಚಿಗುರು ಬಂತು. ಬೆಂಗಳೂರಲ್ಲಿ ಚೆರ್ರಿ ಬರುತ್ತದೆ ಅಂತ ನೆಂಟರಿಗೆಲ್ಲ ಫೋಟೋ ಕಳಿಸಿದೆ.

ಆ ಚಿಗುರು ಶಿಮ್ಲಾದ ಚಳಿಯ ಋಣ ಅಂತ ಗೊತ್ತಾಗಿದ್ದು ಮುಂದಿನ ವರ್ಷ. 2020ರ ಜನವರಿ ಬಂದರೂ ಎಲೆ ಉದುರಲಿಲ್ಲ. ಅರ್ಧ ಹಳದಿ, ಅರ್ಧ ಹಸಿರು, ಹಾಗೇ ನಿಂತಿತ್ತು. ನಮ್ಮತ್ತೆ ದಿನಾ ತುಳಸಿಗೆ ನೀರು ಹಾಕುವಾಗ ನೋಡೋರು. ಒಂದು ದಿನ, "ಇದಕ್ಕೆ ಇನ್ನೂ ನಿದ್ದೆಯೇ ಬಂದಿಲ್ವಲ್ಲಮ್ಮ" ಅಂದರು. ಸರಿಯಾಗೇ ಹೇಳಿದ್ದರು. ಏಪ್ರಿಲ್‌ನಲ್ಲಿ ಕೊಂಬೆಯ ತುದಿಯ ಮೊಗ್ಗು ಮಾತ್ರ ಒಡೆಯಿತು. ಕೆಳಗಿನ ಮೊಗ್ಗುಗಳೆಲ್ಲ ಕಣ್ಣು ಮುಚ್ಚಿಕೊಂಡೇ ಉಳಿದವು. ಕೊಂಬೆ ಬೋಳು, ತುದಿಯಲ್ಲಿ ಒಂದು ಹಿಡಿ ಎಲೆ.

ಆಮೇಲೆ ಕೂತು ಓದಿದೆ. ಚೆರ್ರಿ, ಸೇಬು, ಪೀಚ್‌ನಂಥ ಗಿಡಗಳು ಚಳಿಗಾಲದಲ್ಲಿ ನಿಜಕ್ಕೂ ಮಲಗುತ್ತವೆ. ಮೊಗ್ಗು ಎಷ್ಟು ಗಂಟೆ ಚಳಿ ಅನುಭವಿಸಿತು ಅನ್ನುವುದನ್ನು ಗಿಡ ಒಳಗೊಳಗೇ ಲೆಕ್ಕ ಇಡುತ್ತದೆ. ಸಾಮಾನ್ಯವಾಗಿ ಸೊನ್ನೆಯಿಂದ 7 ಡಿಗ್ರಿ ಒಳಗಿನ ಗಂಟೆಗಳನ್ನು ಎಣಿಸುತ್ತಾರೆ. ಸಿಹಿ ಚೆರ್ರಿಯ ಹೆಚ್ಚಿನ ತಳಿಗಳಿಗೆ ಹತ್ತಿರ ಹತ್ತಿರ 1000 ಗಂಟೆ ಬೇಕು. ಅಂದರೆ ಹಗಲು ರಾತ್ರಿ ಬಿಡದೆ ಎಣಿಸಿದರೂ ನಲವತ್ತೊಂದು ದಿನದ ಮೇಲೆ. ಆ ಲೆಕ್ಕ ತುಂಬಿದ ಮೇಲೆ ಬಿಸಿಲು ಏರಿದರೆ ಹೂ ಬಿಡುತ್ತದೆ. ತುಂಬದಿದ್ದರೆ ಹೂವಿನ ಮೊಗ್ಗು ಏಳುವುದೇ ಇಲ್ಲ.

ನಮ್ಮ ಚಳಿಯನ್ನೂ ಅಳೆದೇ ಬಿಡೋಣ ಅಂತ ಗಿಡದ ಪಕ್ಕ ಒಂದು ಥರ್ಮಾಮೀಟರ್ ತೂಗುಹಾಕಿದೆ. ದಿನದ ಅತಿ ಕಡಿಮೆ, ಅತಿ ಹೆಚ್ಚು ಎರಡನ್ನೂ ತೋರಿಸುವಂಥದ್ದು. ನವೆಂಬರ್‌ನಿಂದ ಫೆಬ್ರವರಿವರೆಗೆ ದಿನಾ ಬೆಳಗ್ಗೆ ಕ್ಯಾಲೆಂಡರ್ ಮೇಲೆ ಬರೆದಿಟ್ಟೆ. ಇಡೀ ಚಳಿಗಾಲದಲ್ಲಿ ಕಂಡ ಅತಿ ಕಡಿಮೆ 13 ಡಿಗ್ರಿ. 7 ಡಿಗ್ರಿಗೆ ಇಳಿದ ಒಂದು ಗಂಟೆಯೂ ಇಲ್ಲ. ಬೆಂಗಳೂರಿನ ದಾಖಲೆಯಲ್ಲೇ ಅತಿ ಚಳಿಯ ದಿನ 1884ರ ಜನವರಿಯದು, ಆವತ್ತು 7.8 ಡಿಗ್ರಿ. ನೂರಮೂವತ್ತು ವರ್ಷಕ್ಕೂ ಹಿಂದಿನ ಆ ರಾತ್ರಿಯನ್ನೂ ಚೆರ್ರಿ ಲೆಕ್ಕಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ, ಅಲ್ವಾ?

ಆದರೂ ಮನಸ್ಸು ಕೇಳಲಿಲ್ಲ. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಬಂಗಲೆ ತೋಟಗಳಲ್ಲಿ ಸೇಬು ಬೆಳೆಯುತ್ತಿದ್ದರು, ಹಾಗಿದ್ದ ಮೇಲೆ ಚೆರ್ರಿ ಯಾಕೆ ಆಗಬಾರದು ಅನ್ನಿಸಿತು. ಡಿಸೆಂಬರ್‌ನಲ್ಲಿ ಎಲೆಗಳನ್ನೆಲ್ಲ ಕೈಯಾರೆ ಕಿತ್ತೆ. ಚಳಿ ಕಡಿಮೆ ಇರುವ ಊರಲ್ಲಿ ಸೇಬಿಗೆ ಹೀಗೆ ಮಾಡುವುದುಂಟು. ಮೂರು ವಾರ ಬುಡದ ಸುತ್ತ ಐಸ್ ಗಡ್ಡೆ ಇಟ್ಟೆ. ಎರಡೂ ಪ್ರಯೋಜನಕ್ಕೆ ಬರಲಿಲ್ಲ. ಚಳಿ ತಾಗಬೇಕಾದದ್ದು ಮೊಗ್ಗಿಗೆ, ಬೇರಿಗಲ್ಲ. ಮೇಲಾಗಿ ನಮ್ಮಲ್ಲಿ ಜನವರಿ ಮಧ್ಯಾಹ್ನ 27, 28 ಡಿಗ್ರಿ ಇರುತ್ತದೆ. ರಾತ್ರಿ ಸ್ವಲ್ಪ ಚಳಿ ಸೇರಿದರೂ ಹಗಲಿನ ಆ ಶಾಖ ಅದನ್ನು ಅಳಿಸಿಹಾಕುತ್ತದೆ. ಮಿನ್ನಿ ರಾಯಲ್, ರಾಯಲ್ ಲೀ ಅಂತ ಕಡಿಮೆ ಚಳಿ ಸಾಕಾಗುವ ಚೆರ್ರಿ ತಳಿಗಳು ಅಮೆರಿಕದಲ್ಲಿವೆ. ಅವಕ್ಕೂ 200ರಿಂದ 400 ಗಂಟೆ ಬೇಕು. ನಮ್ಮ ಹತ್ತಿರ ಇರುವುದು ಸೊನ್ನೆ.

2022ರಲ್ಲಿ ಬೆಂಗಳೂರಿಗೆ ಸುರಿದ ಮಳೆ ನಿಮಗೆಲ್ಲ ನೆನಪಿರುತ್ತದೆ. ನಮ್ಮ ಕೆಂಪು ಮಣ್ಣಿನಲ್ಲಿ ನೀರು ದಿನಗಟ್ಟಲೆ ನಿಂತಿತು. ಚೆರ್ರಿಯ ಬೇರು ನಿಂತ ನೀರನ್ನು ತಡೆಯುವುದಿಲ್ಲ. ಕಾಂಡದಲ್ಲಿ ಕಂದು ಬಣ್ಣದ ಅಂಟು ಒಸರಿತು, ಎಲೆ ಬಾಡಿತು. ಸೆಪ್ಟೆಂಬರ್‌ನಲ್ಲಿ ಎರಡೂ ಹೋದವು. ಕಿತ್ತಾಗ ಬೇರು ಕೈಯಲ್ಲಿ ಪುಡಿಯಾಯಿತು. ನಾಲ್ಕು ವರ್ಷದಲ್ಲಿ ಒಂದೇ ಒಂದು ಹೂ ಕೂಡ ನೋಡಲಿಲ್ಲ. ತುಂಬಾ ಬೇಜಾರಾಯಿತು. ಆ ಮೂಲೆ ಕಡೆ ಸ್ವಲ್ಪ ದಿನ ಹೋಗಲೇ ಇಲ್ಲ.

ಅದೇ ಜಾಗದಲ್ಲಿ ಈಗ ಬಾರ್ಬಡೋಸ್ ಚೆರ್ರಿ ಇದೆ. ಹೆಸರಿಗೆ ಮಾತ್ರ ಚೆರ್ರಿ, ಕುಲವೇ ಬೇರೆ. ಇದು ಅಮೆರಿಕ ಖಂಡದ ಬಿಸಿ ನಾಡಿನ ಗಿಡ, ಚಳಿಯನ್ನೇ ಕೇಳುವುದಿಲ್ಲ. (ಹೆಸರಿನ ವಿಷಯ ಬಂತು ಅಂತ ಹೇಳುತ್ತೇನೆ: ಬೇಕರಿ ಕೇಕಿನ ಮೇಲೆ ಇಡುವ ಆ ಕೆಂಪು ಚೆರ್ರಿ ಹೆಚ್ಚಾಗಿ ಸಕ್ಕರೆ ಪಾಕದಲ್ಲಿ ಬಣ್ಣ ಹಾಕಿದ ಕವಳೆ ಕಾಯಿ. ನಮ್ಮ ಕುರುಚಲು ಕಾಡಿನದೇ.)

ಈ ಸಲ ಮೊದಲು ಜಾಗ ಸರಿಮಾಡಿದೆ. ಎರಡು ಅಡಿ ಗುಂಡಿ ತೆಗೆಸಿ, ತಳಕ್ಕೆ ಇಟ್ಟಿಗೆ ಚೂರು ಹಾಕಿಸಿದೆ. ಮೇಲೆ ಕೆಂಪು ಮಣ್ಣು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು, ಎರಡು ಹಿಡಿ ಬೇವಿನ ಹಿಂಡಿ. ಸುತ್ತಲಿನ ನೆಲಕ್ಕಿಂತ ಅರ್ಧ ಅಡಿ ಎತ್ತರಕ್ಕೆ ದಿಬ್ಬ ಮಾಡಿ ಗಿಡ ಇಟ್ಟೆ. ಬೇವಿನ ಹಿಂಡಿ ಮರೆಯಬೇಡಿ. ಈ ಗಿಡದ ಬೇರಿಗೆ ಜಂತುಹುಳುವಿನ ಕಾಟ ಜಾಸ್ತಿ, ಬೇರಲ್ಲಿ ಗಂಟು ಕಟ್ಟುತ್ತದೆ. ತಂದದ್ದು ಗೂಟಿ ಗಿಡ (ಮರದಲ್ಲಿರುವಾಗಲೇ ಕೊಂಬೆಗೆ ಬೇರು ಬರಿಸಿ ಕತ್ತರಿಸಿದ್ದು), ಬೀಜದ್ದಲ್ಲ. ಬೀಜ ಹಾಕಿದರೆ ಮೊಳಕೆ ಬರುವುದೇ ಕಷ್ಟ, ಹಣ್ಣಿಗೂ ಜಾಸ್ತಿ ಕಾಯಬೇಕು.

ಮುಂದಿನ ಬೇಸಿಗೆಗೇ ತಿಳಿ ಗುಲಾಬಿ ಹೂ ಬಿಟ್ಟಿತು. ದಳದ ಅಂಚು ಸುಕ್ಕು ಸುಕ್ಕು, ನೋಡಲು ಬಲು ಚೆಂದ. ಆದರೆ ಮೊದಲ ಸಲದ ಹೂವೆಲ್ಲ ಉದುರಿಹೋಯಿತು. ಇದರ ತವರಿನಲ್ಲಿ ಹೂವಿನಿಂದ ಎಣ್ಣೆ ಕೂಡಿಸುವ ಒಂದು ಬಗೆಯ ಜೇನು ಪರಾಗ ಮುಟ್ಟಿಸುತ್ತದೆ. ನಮ್ಮಲ್ಲಿ ಆ ಜೇನಿಲ್ಲ. ಅದಕ್ಕೆ ಎರಡನೇ ಸಲ ಬೆಳಗ್ಗೆ ಬೆಳಗ್ಗೆ ಮಗಳ ಬಣ್ಣದ ಬ್ರಷ್ ಹಿಡಿದು ಹೂವಿಂದ ಹೂವಿಗೆ ಸವರಿದೆ. ಹೂ ಇರುವಷ್ಟು ದಿನ ಮಣ್ಣು ಒಣಗಲು ಬಿಡಲಿಲ್ಲ. ಕಾಯಿ ನಿಂತಿತು. ಹೂ ಬಿಟ್ಟು ಮೂರ್ನಾಲ್ಕು ವಾರಕ್ಕೆ ಹಣ್ಣು ಕೆಂಪಾಯಿತು. ಈಗ ವರ್ಷಕ್ಕೆ ಮೂರು ಸಲವಾದರೂ ಹಣ್ಣು ಬಿಡುತ್ತದೆ.

ರುಚಿ ಶಿಮ್ಲಾ ಚೆರ್ರಿಯದಲ್ಲ. ಹುಳಿ ಮುಂದೆ, ಸಿಹಿ ಹಿಂದೆ. ಒಳಗೆ ಮೂರು ಬೀಜ. ವಿಟಮಿನ್ ಸಿ ಮಾತ್ರ 100 ಗ್ರಾಂ ಹಣ್ಣಿನಲ್ಲಿ 1000 ಮಿಲಿಗ್ರಾಂ ದಾಟುತ್ತದೆ. ಕಿತ್ತಳೆಯಲ್ಲಿ ಇರುವುದು ಸುಮಾರು 50. ಪೂರ್ತಿ ಕೆಂಪಾದ ಹಣ್ಣಿಗಿಂತ ದೋರೆಗಾಯಿಯಲ್ಲಿ ಇನ್ನೂ ಜಾಸ್ತಿ. ಅತ್ತೆ ದೋರೆಗಾಯಿ ಕಿವುಚಿ, ಬೆಲ್ಲ, ಹಸಿಮೆಣಸಿನಕಾಯಿ ಸೇರಿಸಿ ಹಸಿ ಗೊಜ್ಜು ಮಾಡುತ್ತಾರೆ. ಒಗ್ಗರಣೆ ಆರಿದ ಮೇಲೆ ಹಾಕುತ್ತಾರೆ, ಕುದಿಸುವುದಿಲ್ಲ. ಕುದಿಸಿದರೆ ವಿಟಮಿನ್ ಹಾಳು.

ಹಣ್ಣನ್ನು ಗಿಡದಲ್ಲಿ ಬಿಟ್ಟರೆ ಪಿಕಳಾರ ಮತ್ತು ಅಳಿಲಿನ ಪಾಲು. ಕಿತ್ತು ಹೊರಗಿಟ್ಟರೆ ಎರಡು ಮೂರು ದಿನಕ್ಕೆ ಕೊಳೆಯುತ್ತದೆ. ಅಂಗಡಿಯಲ್ಲಿ ಇದು ಸಿಗದಿರುವುದಕ್ಕೆ ಅದೇ ಕಾರಣ ಇರಬೇಕು. ನಾನು ದಿನಾ ಬೆಳಗ್ಗೆ ಕೀಳುತ್ತೇನೆ, ಮಿಕ್ಕಿದ್ದನ್ನು ತೊಳೆದು ಫ್ರೀಜರ್‌ಗೆ ಹಾಕುತ್ತೇನೆ. ಫಸಲು ಮುಗಿದ ಕೂಡಲೇ ತುದಿ ಕತ್ತರಿಸಿ ಆರು ಅಡಿಗೆ ನಿಲ್ಲಿಸುತ್ತೇನೆ. ಹಿಟ್ಟು ತಿಗಣೆ ಕಂಡರೆ ಬೇವಿನ ಎಣ್ಣೆಗೆ ಸೋಪಿನ ನೀರು ಬೆರೆಸಿ ಹೊಡೆಯುತ್ತೇನೆ.

ಈ ಮಳೆಗಾಲ ಮೂರು ಕೊಂಬೆಗೆ ಗೂಟಿ ಕಟ್ಟಿದ್ದೇನೆ. ಒಂದರಲ್ಲಿ ಪ್ಲಾಸ್ಟಿಕ್ ಒಳಗಿಂದ ಬಿಳಿ ಬೇರು ಕಾಣುತ್ತಿದೆ. ಇನ್ನೊಂದು ವಾರ ಬಿಟ್ಟು ಕತ್ತರಿಸುತ್ತೇನೆ. ಅದು ಮೈಸೂರಿನ ನಾದಿನಿ ಮನೆಗೆ.