ಹನಿ ಒಂದು ಕಡೆ, ಲೀಕ್ ಇನ್ನೊಂದು ಕಡೆ

ನನ್ನ ಕಾರಿನಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಸಂದಿಯಿಂದ ಆಯಿಲ್ ಹನಿಯುತ್ತಿತ್ತು. ಆ ಜಾಗದಲ್ಲಿ ಹನಿ ಕಂಡರೆ ಮೆಕ್ಯಾನಿಕ್‌ಗಳ ಬಾಯಿಂದ ಬರುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: "ಹಿಂದಿನ ಕ್ರ್ಯಾಂಕ್ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು." ನನಗೂ ಅದನ್ನೇ ಹೇಳಿದರು. ಸೀಲ್ ಅಂದರೆ ಎಂಜಿನ್ನಿನ ತಿರುಗುವ ದಂಡ (ಕ್ರ್ಯಾಂಕ್) ಹಿಂದುಗಡೆ ಹೊರಬರುವ ಜಾಗದಲ್ಲಿ ಆಯಿಲ್ ತಡೆಯುವ ಒಂದು ರಬ್ಬರ್ ಉಂಗುರ ಅಷ್ಟೇ. ಆದರೆ ಅದನ್ನು ಮುಟ್ಟಲು ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲವನ್ನೂ ಬಿಚ್ಚಬೇಕು. ಅಷ್ಟೆಲ್ಲ ಬಿಚ್ಚಿ ಜೋಡಿಸಿದ ಮೇಲೂ ಹನಿ ನಿಲ್ಲದಿದ್ದರೆ? ಅದಕ್ಕೇ ಮೊದಲು ನಾನೇ ಹುಡುಕೋಣ ಎಂದುಕೊಂಡೆ.

ಹನಿ ಬೀಳುವ ಜಾಗವನ್ನು ನಂಬುವ ಹಾಗಿಲ್ಲ. ಆಯಿಲ್ ಕೆಳಕ್ಕೆ ಹರಿಯುತ್ತದೆ, ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಹಾಗಾಗಿ ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಯಾವುದಿದೆಯೋ ಅಲ್ಲಿಂದ ಶುರು ಮಾಡಬೇಕು.

ಮೊದಲ ಪ್ರಶ್ನೆ, ಅದು ಎಂಜಿನ್ ಆಯಿಲ್ಲೇನಾ? ರಾತ್ರಿ ಕಾರಿನ ಕೆಳಗೆ ಒಂದು ರಟ್ಟು ಹಾಸಿಟ್ಟೆ. ಬೆಳಿಗ್ಗೆ ಕಂದು ಕಲೆ ಬಿದ್ದಿತ್ತು. ಗೇರ್ ಆಯಿಲ್‌ಗೆ ಮೂಗಿಗೆ ಹೊಡೆಯುವ ಗಂಧಕದ ವಾಸನೆ ಇರುತ್ತದೆ, ಇದಕ್ಕೆ ಇರಲಿಲ್ಲ. ಡಿಪ್‌ಸ್ಟಿಕ್‌ನಲ್ಲೂ ಮಟ್ಟ ನಿಧಾನಕ್ಕೆ ಇಳಿಯುತ್ತಿತ್ತು. ಎಂಜಿನ್ ಆಯಿಲ್ಲೇ.

ಆಮೇಲೆ ಪಿಸಿವಿ ವಾಲ್ವ್. ಇದನ್ನು ಬಹಳ ಜನ ಮರೆತೇಬಿಡುತ್ತಾರೆ. ಪಿಸ್ಟನ್ ರಿಂಗ್‌ಗಳನ್ನು ದಾಟಿ ಸ್ವಲ್ಪ ಗ್ಯಾಸ್ ಯಾವಾಗಲೂ ಕೆಳಗೆ ಇಳಿಯುತ್ತದೆ. ಅದನ್ನು ಎಂಜಿನ್ ಮತ್ತೆ ಒಳಕ್ಕೆ ಎಳೆದುಕೊಳ್ಳುವ ದಾರಿಯಲ್ಲಿ ಈ ವಾಲ್ವ್ ಇರುತ್ತದೆ. ಅದು ಕಟ್ಟಿಕೊಂಡರೆ ಒಳಗೆ ಒತ್ತಡ ಏರಿ, ಚೆನ್ನಾಗಿರುವ ಸೀಲಿನಿಂದಲೂ ಆಯಿಲ್ ಹೊರಗೆ ಬರುತ್ತದೆ. ಆಗ ಎಷ್ಟು ಸೀಲ್ ಬದಲಾಯಿಸಿದರೂ ದಂಡ. ಎಂಜಿನ್ ಐಡಲ್‌ನಲ್ಲಿ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ಬಾಯಿಯ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟೆ. ಹಾಳೆ ಮೆಲ್ಲಗೆ ಒಳಕ್ಕೆ ಎಳೆದುಕೊಂಡಿತು. ಉಬ್ಬಿ ಮೇಲೇಳಲಿಲ್ಲ. ಅಂದರೆ ಆ ದಾರಿ ಸರಿಯಾಗಿದೆ.

ಮುಂದಿನದು ತೊಳೆಯುವ ಕೆಲಸ. ಬೇಜಾರಿನ ಕೆಲಸವೇ, ಆದರೆ ಅರ್ಧ ಪತ್ತೆ ಇಲ್ಲೇ ಆಗುತ್ತದೆ. ಹಳೆ ಜಿಡ್ಡಿನ ಮೇಲೆ ಹೊಸ ಲೀಕ್ ಹುಡುಕುವುದು ಸುಮ್ನೆ ಕಣ್ಣಿಗೆ ಶಿಕ್ಷೆ. ಎಂಜಿನ್ ತಣ್ಣಗಾದ ಮೇಲೆ ಆಲ್ಟರ್ನೇಟರ್, ವೈರ್ ಕನೆಕ್ಟರ್‌ಗಳು, ಏರ್ ಫಿಲ್ಟರ್ ಬಾಯಿ ಎಲ್ಲಕ್ಕೂ ಪ್ಲಾಸ್ಟಿಕ್ ಕಟ್ಟಿ, ಡಿಗ್ರೀಸರ್ ಹೊಡೆದು ಬ್ರಷ್‌ನಲ್ಲಿ ಉಜ್ಜಿ, ಕಡಿಮೆ ರಭಸದ ನೀರಿನಲ್ಲಿ ತೊಳೆದೆ. ಕಾರಿನ ಕೆಳಗೆ ಹೋಗುವಾಗಲೆಲ್ಲ ಜ್ಯಾಕ್ ಸ್ಟ್ಯಾಂಡ್ ಇಟ್ಟೇ ಹೋದೆ. ಬರೀ ಜ್ಯಾಕ್ ನಂಬಿಕೊಂಡು ಯಾರೂ ಕೆಳಗೆ ಮಲಗಬೇಡಿ.

ಒಣಗಿದ ಮೇಲೆ ಎಂಜಿನ್ ಆಯಿಲ್‌ಗೆ ಯುವಿ ಡೈ ಸೇರಿಸಿ ಒಂದು ಸುತ್ತು ಹೋಗಿ ಬಂದೆ. ಕತ್ತಲಲ್ಲಿ ಯುವಿ ಟಾರ್ಚ್ ಹಾಕಿ, ಹಳದಿ ಕನ್ನಡಕದಲ್ಲಿ ನೋಡಿದರೆ ಆಯಿಲ್ ಹರಿದ ದಾರಿ ಹಸಿರು ಹಳದಿಯಾಗಿ ಹೊಳೆಯುತ್ತದೆ. ಎಂಜಿನ್ನಿನ ನೆತ್ತಿಯ ಮುಚ್ಚಳ, ಅಂದರೆ ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಿಂದ ಒಂದು ಗೆರೆ ಇಳಿದಿತ್ತು. ಅದರ ಸಂದಿ ಮುಚ್ಚುವ ಗ್ಯಾಸ್ಕೆಟ್ ಬಿಸಿಗೆ ಕಲ್ಲಾಗಿತ್ತು. ಹೊಸದು ಹಾಕಿದೆ. ಅಲ್ಯೂಮಿನಿಯಂ ಗೀರಾಗದಂತೆ ಪ್ಲಾಸ್ಟಿಕ್ ಪಟ್ಟಿಯಲ್ಲಿ ಕೆರೆದು, ಟೈಮಿಂಗ್ ಕವರ್ ಬಂದು ಸೇರುವ ಮೂಲೆಗಳಿಗೆ ಒಂದೊಂದು ಚುಕ್ಕೆ ಸೀಲೆಂಟ್ ಇಟ್ಟು, ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ ಮ್ಯಾನ್ಯುಯಲ್‌ನಲ್ಲಿ ಹೇಳಿದ ಟಾರ್ಕ್‌ಗೆ ಮಾತ್ರ ಬಿಗಿ ಮಾಡಿದೆ. ಇವು ಸಣ್ಣ ಬೋಲ್ಟ್‌ಗಳು. ಜಾಸ್ತಿ ಬಿಗಿದರೆ ಲೀಕ್ ನಿಲ್ಲುವುದಿಲ್ಲ, ಗ್ಯಾಸ್ಕೆಟ್ ಹಿಸುಕಿ ಹೊರಗೆ ಬರುತ್ತದೆ.

ಹನಿ ಕಡಿಮೆಯಾಯಿತು. ನಿಲ್ಲಲಿಲ್ಲ.

ಟಾರ್ಚ್ ಹಾಕಿದರೆ ಕವರ್ ಪೂರ್ತಿ ಒಣಗಿತ್ತು. ಆದರೆ ಎಂಜಿನ್ನಿನ ಬೆನ್ನು, ಕ್ಲಚ್ಚನ್ನು ಮುಚ್ಚಿ ಎಂಜಿನ್‌ಗೆ ಸೇರುವ ಗೇರ್‌ಬಾಕ್ಸ್ ಕವಚವಾದ ಬೆಲ್ ಹೌಸಿಂಗ್‌ನ ನೆತ್ತಿ ಎಲ್ಲ ಕಡೆ ಹೊಳಪು. ಡೈನ ತೊಂದರೆಯೇ ಇದು. ಗಾಳಿ ಚೆಲ್ಲಾಡಿದ ಮೇಲೆ ಎಲ್ಲವೂ ಹೊಳೆಯುತ್ತದೆ, ಎಲ್ಲಿಂದ ಶುರು ಅಂತ ತಿಳಿಯುವುದಿಲ್ಲ. ಬೆಲ್ ಹೌಸಿಂಗ್ ಕೆಳಗಿನ ಸಣ್ಣ ತಗಡಿನ ಮುಚ್ಚಳ ಬಿಚ್ಚಿ ಒಳಗೆ ನೋಡಿದೆ. ಒಳಗೆ ಒಣಗಿತ್ತು, ಹೊಳಪೇ ಇಲ್ಲ. ಕ್ರ್ಯಾಂಕ್ ಸೀಲ್ ಸೋರಿದ್ದರೆ ಒಳಗೆ ಒದ್ದೆ ಇರಲೇಬೇಕಿತ್ತು ಅಲ್ವಾ? ಗೇರ್‌ಬಾಕ್ಸ್ ಇಳಿಸುವ ಮಾತು ಅಲ್ಲಿಗೆ ಬಿಟ್ಟೆ.

ಗಾಳಿಯ ಕಾಟ ತಪ್ಪಿಸಲು ಹಿಂಭಾಗವನ್ನು ಮತ್ತೆ ತೊಳೆದು, ಈ ಸಲ ಕಾರನ್ನು ನಿಲ್ಲಿಸಿಯೇ ಎಂಜಿನ್ ಓಡಿಸಿದೆ. ಐಡಲ್‌ನಲ್ಲಿ ಏನೂ ಇಲ್ಲ. ಪೂರ್ತಿ ಬಿಸಿಯಾದ ಮೇಲೆ ನ್ಯೂಟ್ರಲ್‌ನಲ್ಲೇ ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂ ಆಸುಪಾಸಿನಲ್ಲಿ ಹಿಡಿದಾಗ ಹಿಂಭಾಗ ಒದ್ದೆಯಾಯಿತು. ನನಗೆ ದಾರಿ ಸಿಕ್ಕಿದ್ದು ಇಲ್ಲಿ. ಟ್ಯಾಪೆಟ್ ಕವರ್, ಚೇಂಬರ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇವುಗಳಲ್ಲಿ ಆಯಿಲ್ ತನ್ನ ಪಾಡಿಗೆ ಕೆಳಗಿಳಿಯುತ್ತದೆ, ಅಲ್ಲಿ ಪಂಪಿನ ಒತ್ತಡ ಇಲ್ಲ. ಪಂಪಿನ ಒತ್ತಡ ಇರುವುದು ಫಿಲ್ಟರ್, ಆಯಿಲ್ ಗ್ಯಾಲರಿ (ಎಂಜಿನ್ ಒಳಗೆ ಆಯಿಲ್ ಹರಿಯುವ ಕಾಲುವೆ), ಅದಕ್ಕೆ ಕೂರಿಸಿದ, ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಹತ್ತಿಸುವ ಪ್ರೆಶರ್ ಸ್ವಿಚ್‌ನಲ್ಲಿ. ಆರ್‌ಪಿಎಂ ಏರಿದಾಗ ಮಾತ್ರ ಸೋರಿದರೆ ಅನುಮಾನ ಮೊದಲು ಹೋಗಬೇಕಾದ್ದು ಈ ಕಡೆಗೆ. ನನ್ನ ಎಂಜಿನ್ನಿನ ಹಿಂದೆ, ಬೆಲ್ ಹೌಸಿಂಗ್‌ಗೆ ಸ್ವಲ್ಪ ಮೇಲೆ ಆ ಸ್ವಿಚ್ ಇತ್ತು.

ಆದರೆ ಅದರ ಥ್ರೆಡ್ ಸುತ್ತ ಬೆರಳಾಡಿಸಿದರೆ ಜಿಡ್ಡಿಲ್ಲ. ಎಂಜಿನ್ ಆಫ್ ಮಾಡಿ ಆ ಜಾಗಕ್ಕೆಲ್ಲ ಟಾಲ್ಕಮ್ ಪೌಡರ್ ಉದುರಿಸಿ ಮತ್ತೆ ಓಡಿಸಿದೆ. ಬಿಳಿ ಪುಡಿಯಲ್ಲಿ ಮೊದಲ ಕಲೆ ಕಂಡದ್ದು ಥ್ರೆಡ್‌ನಲ್ಲಲ್ಲ, ವೈರಿನ ಕನೆಕ್ಟರ್ ಬಾಯಲ್ಲಿ. ಕನೆಕ್ಟರ್ ಎಳೆದೆ. ಒಳಗೆ ಆಯಿಲ್ ತುಂಬಿತ್ತು! ಸ್ವಿಚ್ಚಿನ ಒಳಗಿನ ಪೊರೆ ಒಡೆದು, ಆಯಿಲ್ ಪಿನ್ ಸಂದಿಯಿಂದ ಹೊರಬಂದು ವೈರ್ ಹಿಡಿದು ಇಳಿಯುತ್ತಿತ್ತು. ಡ್ಯಾಶ್‌ಬೋರ್ಡಿನ ಆಯಿಲ್ ದೀಪ ಮಾತ್ರ ಎಂದಿನಂತೆ ಹತ್ತಿ ಆರುತ್ತಿತ್ತು. ಅದಕ್ಕೇ ಯಾರಿಗೂ ಆ ಸ್ವಿಚ್ ಮೇಲೆ ಅನುಮಾನ ಬಂದಿರಲಿಲ್ಲ.

ಹೊಸ ಸ್ವಿಚ್ ಹಾಕಲು ಒಂದು ಉದ್ದ ಸಾಕೆಟ್ ಸಾಕಾಯಿತು. ಕನೆಕ್ಟರ್ ಒಳಗನ್ನು ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ತೊಳೆದೆ. ವೈರಿನ ತೋಳಿನೊಳಗೆ ನಿಂತ ಹಳೆ ಆಯಿಲ್ ಸ್ವಲ್ಪ ಕಾಲ ಇಳಿಯುತ್ತಲೇ ಇರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಡೈ ಇರುವ ಆಯಿಲನ್ನು ನಾನು ಮುಂದಿನ ಸರ್ವೀಸ್‌ವರೆಗೂ ಹಾಗೇ ಬಿಟ್ಟಿದ್ದೇನೆ. ಹಿಂಭಾಗವನ್ನು ಇನ್ನೊಮ್ಮೆ ತೊಳೆದು ಕಾರು ಓಡಿಸುತ್ತಿದ್ದೇನೆ, ಆಗಾಗ ಟಾರ್ಚ್ ಹಾಕಿ ನೋಡುತ್ತೇನೆ. ಈವರೆಗೆ ಎಲ್ಲೂ ಹೊಳಪಿಲ್ಲ.