ಅಜ್ಜಿಯ ಕೈ ಬರೆಯಿರಿ, ಮುಖ ಆಮೇಲೆ

ವಯಸ್ಸಾದವರ ಚಿತ್ರ ಬರೆಯಲು ಕೂತರೆ ಎಲ್ಲರೂ ಮೊದಲು ಮುಖಕ್ಕೇ ಹೋಗುತ್ತಾರೆ. ನಾನೂ ಹಾಗೇ ಮಾಡಿ ಕೆಟ್ಟೆ. ಹೇಳಿದ ಕೂಡಲೇ ಅಜ್ಜಿ ಸೀರೆ ಬದಲಾಯಿಸಿ, ತಲೆ ಬಾಚಿ, ಆಧಾರ್ ಫೋಟೋಗೆ ಕೂತ ಹಾಗೆ ಕೂತರು. ಕೈಗೆ ಪೋಸ್ ಕೊಡಲು ಬರುವುದಿಲ್ಲ, ಅದನ್ನೇ ಬರೆಯಿರಿ.

ಚಿತ್ರ ಬರೆಯುವ ಇದ್ದಿಲಿಗಾಗಿ ಮಡಿಕೇರಿಯೆಲ್ಲ ಅಲೆಯುವುದು ಬೇಡ. ಕಾಫಿ ಗಿಡದಿಂದ ತೆಗೆದು ಬಿಸಾಡಿದ ಸಪೂರ ಕಡ್ಡಿಗಳ ಸಿಪ್ಪೆ ಕೆರೆದು, ಒಣಗಿಸಿ, ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ. ಮುಚ್ಚಳಕ್ಕೆ ಮೊಳೆಯಿಂದ ಒಂದು ತೂತು ಹೊಡೆದು ಬಚ್ಚಲೊಲೆಯ ಕೆಂಡದಲ್ಲಿಡಿ. ತೂತಿನಿಂದ ಬರುವ ಹೊಗೆ ನಿಂತ ಮೇಲೆ ಹೊರಗೆ ತೆಗೆಯಿರಿ, ಆದರೆ ಪೂರ್ತಿ ತಣ್ಣಗಾಗುವ ತನಕ ಮುಚ್ಚಳ ಮುಟ್ಟಬೇಡಿ. ಬಿಸಿ ಇರುವಾಗ ಗಾಳಿ ತಾಗಿದರೆ ಹೊತ್ತಿಕೊಂಡು ಬೂದಿಯಾಗುತ್ತದೆ. ನನ್ನ ಮೊದಲ ಡಬ್ಬಿ ಹಾಗೇ ಹೋಯಿತು.

ಅಜ್ಜಿಯನ್ನು ಕೂರಿಸಬೇಡಿ, ಅವರ ಪಾಡಿಗೆ ಕೆಲಸ ಮಾಡಲು ಬಿಡಿ. ಮೊರದಲ್ಲಿ ಕರಿಮೆಣಸು ಆರಿಸುವಾಗ ಕೈ ಹೆಚ್ಚುಕಮ್ಮಿ ಒಂದೇ ಜಾಗದಲ್ಲಿರುತ್ತದೆ. ಕಿಟಕಿ ಪಕ್ಕಕ್ಕಿರಲಿ. ಬೆಳಕು ಅಡ್ಡಕ್ಕೆ ಬಿದ್ದರೇ ನರ, ಸುಕ್ಕು ಕಾಣುವುದು, ಟ್ಯೂಬ್‌ಲೈಟ್ ಕೆಳಗೆ ಎಲ್ಲ ಚಪ್ಪಟೆ.

ಮೊದಲು ಸುಕ್ಕಿಲ್ಲದ ಇಡೀ ಕೈ. ಆಮೇಲೆ ಗೆಣ್ಣು, ಇಲ್ಲಿ ಜಾಸ್ತಿ ಹೊತ್ತು ನಿಲ್ಲಿ. ನಮ್ಮಜ್ಜಿಯ ಉಂಗುರ ಗೆಣ್ಣು ದಾಟಿ ಹೊರಗೆ ಬರುವುದೇ ಇಲ್ಲ, ಆದರೆ ಅದರ ಹಿಂದೆ ಬೆರಳು ಎಷ್ಟು ಸೊರಗಿದೆ ಅಂದರೆ ಉಂಗುರ ಅಲ್ಲೇ ಸುಮ್ನೆ ತಿರುಗುತ್ತಿರುತ್ತದೆ. ದಿನಾ ಆ ಕೈಯಿಂದ ಊಟ ಹಾಕಿಸಿಕೊಂಡರೂ ಬರೆಯುವ ತನಕ ನಾನು ಇದನ್ನು ನೋಡಿರಲಿಲ್ಲ. ನರವನ್ನು ಗೆರೆ ಎಳೆದು ತೋರಿಸಿದರೆ ಹಗ್ಗದ ಹಾಗಾಗುತ್ತದೆ. ಒಂದು ಬದಿಗೆ ನೆರಳು ಕೊಟ್ಟು, ಬೆಳಕು ಬೀಳುವ ಕಡೆ ಬ್ರೆಡ್ಡಿನ ಮೆತ್ತನೆಯ ಉಂಡೆ ಒತ್ತಿ ಎತ್ತಿ. ರಬ್ಬರ್ ಬರುವ ಮೊದಲು ಚಿತ್ರಗಾರರು ಅಳಿಸುತ್ತಿದ್ದದ್ದು ಬ್ರೆಡ್ಡಿನಿಂದಲೇ. ಸುಕ್ಕುಗಳಲ್ಲಿ ಬೆರಳು ಮಡಚುವ ಕಡೆಯವು ಸಾಕು.

ಚಂದ ಮಾಡಲು ಹೋಗಬೇಡಿ. ಜರ್ಮನಿಯ ಚಿತ್ರಗಾರ ಆಲ್ಬ್ರೆಕ್ಟ್ ಡ್ಯೂರರ್ 1514ರ ಮಾರ್ಚಿನಲ್ಲಿ ತನ್ನ 63 ವರ್ಷದ ತಾಯಿಯನ್ನು ಇದ್ದಿಲಲ್ಲೇ ಬರೆದ. 18 ಮಕ್ಕಳನ್ನು ಹೆತ್ತ ಜೀವ, ಕೆನ್ನೆ ಒಳಕ್ಕೆ ಹೋಗಿದೆ, ಕತ್ತಿನ ಎಲುಬು ಎದ್ದಿದೆ, ಅವನು ಏನನ್ನೂ ಮುಚ್ಚಿಲ್ಲ. ಹಾಳೆಯ ಮೇಲೆ ಅವಳ ವಯಸ್ಸು ಬರೆದಿಟ್ಟ. ಎರಡು ತಿಂಗಳಲ್ಲಿ ತಾಯಿ ತೀರಿಕೊಂಡಾಗ ಅದೇ ಹಾಳೆಗೆ ಶಾಯಿಯಲ್ಲಿ ಸಾವಿನ ದಿನವನ್ನೂ ಸೇರಿಸಿದ. ನೀವೂ ತಾರೀಖು, ವಯಸ್ಸು ಹಾಕಿ. ಮುಂದಿನ ವರ್ಷ ಮೆಣಸು ಕೊಯ್ದಾಗ ಅದೇ ಕಿಟಕಿ, ಅದೇ ಕೈ.

ಚಿತ್ರ ತೋರಿಸಿದಾಗ ನಮ್ಮಜ್ಜಿ ಬೈದರು. "ಉಗುರಿನ ಮಣ್ಣು ಯಾಕೆ ಬರೆದೆ? ಹೇಳಿದ್ದರೆ ಕೈ ತೊಳೆದು ಬರ್ತಿದ್ದೆನಲ್ಲ!" ನಾನು ಅಳಿಸಲಿಲ್ಲ.

ಇನ್ನು ಮಳೆಗಾಲ. ಜೂನ್ ಬಂದರೆ ನಮ್ಮಲ್ಲಿ ಚಪ್ಪಲಿಗೂ ಬೂಷ್ಟು, ಕಾಗದದ ಕತೆ ಕೇಳಬೇಕಾ? ಬಿಸಿಲು ಇರುವಾಗಲೇ, ಇದ್ದಿಲು ಉದುರದ ಹಾಗೆ ಹಿಡಿದಿಡುವ ಫಿಕ್ಸೆಟಿವ್ ಸ್ಪ್ರೇ ಹೊಡೆದು, ಮೇಲೆ ಬಟರ್ ಪೇಪರ್ ಇಟ್ಟು, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬಿಗೆ ಹಾಕಿ. ಗೋಡೆಗೆ ತೂಗು ಹಾಕುವ ಆಸೆ ಇದ್ದರೆ ದೀಪಾವಳಿ ತನಕ ತಡೆಯಿರಿ.